ಶಾಖವನ್ನು ಹೊರುವ ಯಂತ್ರ

ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರದಲ್ಲಿ ಲಿಮ್ಮಾಟ್ ನದಿಯ ಅಂಚಿಗೆ ರಾಟ್‌ಹೌಸ್ ಎಂಬ ಪುರಾತನ ಸಭಾಭವನವಿದೆ. 1938ರಲ್ಲಿ ಅದನ್ನು ಚಳಿಗಾಲದಲ್ಲಿ ಬೆಚ್ಚಗಿಡಲು ಹೊಸ ಬಗೆಯ ಯಂತ್ರವೊಂದನ್ನು ಸ್ಥಾಪಿಸಿದರು. ಆ ದೇಶಕ್ಕೆ ಕಲ್ಲಿದ್ದಲು ಹೊರಗಿನಿಂದ ಬರಬೇಕು; ಬೆಟ್ಟದ ಹೊಳೆಗಳಿಂದ ದೊರೆಯುವ ವಿದ್ಯುಚ್ಛಕ್ತಿಯಾದರೋ ಸ್ವಂತದ್ದು. ಆ ಯಂತ್ರವು ವಿದ್ಯುತ್ತಿನ ಬಲದಿಂದ ನದಿಯ ತಣ್ಣೀರಿನೊಳಗಿನ ಶಾಖವನ್ನು ತೆಗೆದು ಭವನಕ್ಕೆ ಒದಗಿಸುತ್ತಿತ್ತು.

ತಣ್ಣೀರಿನಲ್ಲಿ ಶಾಖವೆಲ್ಲಿಯದು? ಕೇಳತಕ್ಕ ಪ್ರಶ್ನೆಯೇ ಸರಿ. ನಾವು ಒಂದು ವಸ್ತುವನ್ನು ತಂಪೆನ್ನುವುದು ನಮ್ಮ ಮೈಯ ಬಿಸುಪಿಗೆ ಹೋಲಿಸಿ. ಸೊನ್ನೆ ಡಿಗ್ರಿ ಸೆಲ್ಸಿಯಸ್ಸಿಗಿಂತ ಸುಮಾರು 273 ಡಿಗ್ರಿ ಕೆಳಗಿಳಿಯುವ ತನಕ ಯಾವ ವಸ್ತುವಿನಿಂದಲೂ ಶಾಖವನ್ನು ತೆಗೆಯಲು ಸಾಧ್ಯವಿದೆ. ಮಂಜುಗಡ್ಡೆಯೂ ಇದಕ್ಕೆ ಹೊರತಲ್ಲ. ತೊಡಕು ಬೇರೆಯದು. ನೀರು ತಗ್ಗಿಗೆ ಹರಿಯುವಂತೆ ಶಾಖವು ಬಿಸಿಯಿಂದ ತಂಪಿನ ಕಡೆಗೆ ಹರಿಯುತ್ತದೆ, ತಾನಾಗಿ ಹಿಂದಿರುಗದು. ಬಾವಿಯ ನೀರನ್ನು ಮೇಲೆತ್ತಲು ಪಂಪು ಬೇಕಾದಂತೆ ಶಾಖವನ್ನು ಮೇಲೇರಿಸಲೂ ಪಂಪು ಬೇಕು. ಆದುದರಿಂದಲೇ ಇದಕ್ಕೆ ಹೀಟ್ ಪಂಪ್ ಎಂಬ ಹೆಸರು. ಇಂಥ ಏರ್ಪಾಡು ಸಾಧ್ಯವೆಂದು ಲಾರ್ಡ್ ಕೆಲ್ವಿನ್ ಎಂದು ಮುಂದೆ ಪ್ರಸಿದ್ಧರಾದ ವಿಲಿಯಂ ಥಾಮ್ಸನ್ 1852ರಲ್ಲಿಯೇ ತೋರಿಸಿದ್ದರು.

ಇದರ ಗುಟ್ಟು ನಮಗೆ ಪರಿಚಿತವಾದ ಎರಡು ಸಂಗತಿಗಳಲ್ಲಿ ಅಡಗಿದೆ. ಮಣ್ಣಿನ ಹೂಜಿಯಿಂದ ಜಿನುಗಿದ ನೀರು ಆವಿಯಾಗುವಾಗ ಶಾಖವನ್ನು ಹೀರಿ ಒಳಗಿನ ನೀರನ್ನು ತಂಪುಮಾಡುತ್ತದೆ. ಸೈಕಲ್ಲಿಗೆ ಗಾಳಿ ಹಾಕುವಾಗ ಒತ್ತಲ್ಪಟ್ಟ ಗಾಳಿಯು ಬಿಸಿಯಾಗಿ ಪಂಪಿನ ತುದಿಯನ್ನೂ ಬಿಸಿಮಾಡುತ್ತದೆ. ಈಗ ಮುಚ್ಚಿದ ಕೊಳವೆಯ ಸುರುಳಿಯಲ್ಲಿ ಬಹು ಬೇಗ ಕುದಿಯುವ ದ್ರವವೊಂದನ್ನು ತುಂಬಿದೆವೆನ್ನೋಣ. ಅಡಿಗೆ ಅನಿಲದಲ್ಲಿಯೂ ಇರುವ ಪ್ರೊಪೇನ್ ಅಂಥದ್ದು. ವಾಯುಮಂಡಲದ ಸಾಮಾನ್ಯ ಒತ್ತಡದಲ್ಲಿ ಅದು ಸೊನ್ನೆಗಿಂತ 42 ಡಿಗ್ರಿ ಕೆಳಗೇ ಕುದಿಯುತ್ತದೆ. ಅದಕ್ಕೆ ಚಳಿಗಾಲದ ನದಿಯೂ ಒಲೆಯೇ! ದ್ರವವು ಹೊರಗಿನ ಶಾಖವನ್ನು ಹೀರಿ ಆವಿಯಾಗುತ್ತದೆ. ವಿದ್ಯುತ್ತಿನಿಂದ ನಡೆಯುವ ಕಂಪ್ರೆಸರು ಆ ಆವಿಯನ್ನು ಒತ್ತಿದಾಗ ಅದು ಮನೆಗಿಂತಲೂ ಬಿಸಿಯಾಗುತ್ತದೆ. ಮನೆಯೊಳಗಿನ ಸುರುಳಿಯಲ್ಲಿ ತನ್ನ ಶಾಖವನ್ನು ಬಿಟ್ಟುಕೊಟ್ಟು ಮರಳಿ ದ್ರವವಾಗುತ್ತದೆ. ಬಳಿಕ ಕಿರಿದಾದ ರಂಧ್ರವೊಂದನ್ನು ದಾಟುವಾಗ ಒತ್ತಡವಿಳಿದು ತಣ್ಣಗಾಗಿ, ಪುನಃ ಹೊರಗಿನ ಶಾಖವನ್ನು ಹೀರಲು ಸಿದ್ಧವಾಗುತ್ತದೆ.

ಲೆಕ್ಕವು ಸ್ವಾರಸ್ಯವಾದುದು. ವಿದ್ಯುತ್ತಿನ ಕಾಯಿಲು ಒಂದು ಯೂನಿಟ್ಟಿಗೆ ಒಂದೇ ಯೂನಿಟ್ಟು ಶಾಖವನ್ನು ಕೊಡಬಲ್ಲದು. ಒಳ್ಳೆಯ ಹೀಟ್ ಪಂಪು ಒಂದು ಯೂನಿಟ್ಟನ್ನು ಬಳಸಿ ಹೊರಗಿನಿಂದ ಎರಡನ್ನು ಹೊತ್ತುತಂದು ಒಟ್ಟು ಮೂರನ್ನು ಕೊಡಬಹುದು. ಇದರಲ್ಲಿ ಇಂದ್ರಜಾಲವೇನೂ ಇಲ್ಲ. ಅದು ಶಾಖವನ್ನು ಹುಟ್ಟಿಸುವ ಒಲೆಯಲ್ಲ, ಹೊರುವ ಕೂಲಿ. ಹೊರಗೆ ಚಳಿ ಹೆಚ್ಚಿದಷ್ಟೂ ಏರು ಕಡಿದಾಗಿ ಈ ಲಾಭವು ಕುಗ್ಗುತ್ತದೆ.

ಒಂದು ಕವಾಟವನ್ನು ತಿರುಗಿಸಿ ಆವಿಯ ದಾರಿಯನ್ನು ಹಿಮ್ಮುಖಗೊಳಿಸಿದರೆ ಅದೇ ಯಂತ್ರವು ಬೇಸಗೆಯಲ್ಲಿ ಮನೆಯ ಶಾಖವನ್ನು ಹೊರಹಾಕುತ್ತದೆ. ಮುಂಬಯಿಯ ನಮಗೆ ಚಳಿಯ ಚಿಂತೆಯಿಲ್ಲ. ಈ ತಿರುವೇ ನಮ್ಮ ಏರ್ ಕಂಡಿಷನರು. ಅದು ಕೋಣೆಯ ಶಾಖವನ್ನು ನಾಶಮಾಡುವುದೆಂದು ಹಲವರು ಭಾವಿಸಿದ್ದಾರೆ. ಇಲ್ಲ, ಕೋಣೆಯ ಶಾಖವೂ ತಾನು ಬಳಸಿದ ವಿದ್ಯುತ್ತಿನ ಶಾಖವೂ ಕೂಡಿ ಹೊರಗೆ ಬೀಳುತ್ತವೆ. ರೆಫ್ರಿಜರೇಟರಿನ ಬಾಗಿಲನ್ನು ತೆರೆದಿಟ್ಟು ಅಡಿಗೆಮನೆಯನ್ನು ತಂಪುಮಾಡಹೊರಟರೆ ಕೊನೆಗೆ ಕೋಣೆಯು ಬಿಸಿಯೇ ಆಗುವುದು ಇದೇ ಕಾರಣದಿಂದ.

ಇಕ್ಕಟ್ಟಾದ ಗಲ್ಲಿಯೊಂದರಲ್ಲಿ ಇಂಥ ಪೆಟ್ಟಿಗೆಗಳು ಸಾಲಾಗಿ ಬಿಸಿಗಾಳಿಯನ್ನು ಉಗುಳುವಾಗ ಅದನ್ನು ಉಣ್ಣುವವರು ಕೆಳಗೆ ನಿಂತ ಕಾವಲುಗಾರನೂ, ತರಕಾರಿ ಗಾಡಿಯವಳೂ, ಯಂತ್ರವಿಲ್ಲದ ಎದುರು ಮನೆಯವರೂ. ಇದಕ್ಕೆ ಪೂರ್ಣ ಪರಿಹಾರವಿಲ್ಲವಾದರೂ ಆ ಶಾಖವನ್ನು ದುಡಿಸಿಕೊಳ್ಳಬಹುದು. ಕೆಲವು ಹೋಟೆಲುಗಳಲ್ಲಿ ತಂಪಿನ ಯಂತ್ರಗಳು ಹೊರತಂದ ಶಾಖವನ್ನು ಬೀದಿಗೆ ಬಿಡದೆ ಸ್ನಾನದ ನೀರಿನ ತೊಟ್ಟಿಗೆ ಹರಿಸುತ್ತಾರೆ. ಅಲ್ಲಿ ಒಂದೇ ಕರೆಂಟಿನಲ್ಲಿ ಕೋಣೆ ತಂಪಾಗುತ್ತದೆ, ನೀರು ಕಾಯುತ್ತದೆ.