ಗಿಟಾರಿನ ಹೊಟ್ಟೆಯೂ ಹಾರನಹಳ್ಳಿಯ ಮೈಕ್‌ಸೆಟ್ಟೂ

ಹಾರನಹಳ್ಳಿಯ ಗಣಪತಿ ಪೆಂಡಾಲಿನಲ್ಲಿ ಆ ರಾತ್ರಿ ನನ್ನ ತಂಗಿಯ ಮಗ ಭಾವಗೀತೆ ಹಾಡಬೇಕಿತ್ತು. ಕೈಯಲ್ಲಿ ಗಿಟಾರ್. ಮನೆಯ ಜಗಲಿಯಲ್ಲಿ ಕೂತು ನುಡಿಸಿದಾಗ ಪಕ್ಕದ ಮನೆಯವರು ಹೊರಗೆ ಬಂದು ನಿಂತು ಕೇಳಿದ್ದ ವಾದ್ಯ ಅದು. ವೇದಿಕೆ ಹತ್ತಿದ್ದೇ ತಡ, ತಗಡಿನ ಡಬ್ಬಿಯಾಯಿತು. ಮೈಕ್‌ಸೆಟ್ಟಿನ ಹುಡುಗ ವಾಲ್ಯೂಮ್ ಏರಿಸಿದ, ತಗಡು ಇನ್ನೂ ಜೋರಾಯಿತು. ಮತ್ತೂ ಏರಿಸಿದಾಗ ಗಿಟಾರಿನ ಹೊಟ್ಟೆಯೊಳಗಿಂದ ಗೂಬೆ ಗುಟುರಿದ ಹಾಗೆ ‘ಗುಂಂಯ್’ ಎಂದು ಶುರುವಾದ ಸದ್ದು ನಿಲ್ಲಲೇ ಇಲ್ಲ.

“ಸಾರ್, ಇದು ಕೂಗ್ತೈತೆ. ಗಿಟಾರ್ ಕೆಳಗಿಟ್ಟು ಬರೀ ಹಾಡಕ್ಕೇಳಿ,” ಎಂದ ಹುಡುಗ.

ಅಳಿಯ ಎರಡು ಹಾಡನ್ನು ಬರೀ ಗಂಟಲಲ್ಲಿ ಮುಗಿಸಿ ಇಳಿದು ಬಂದ. “ಮಾವ, ಮೈಕ್‌ಸೆಟ್ಟೇ ಸರಿಯಿಲ್ಲ,” ಎಂದು ಅವನು. “ಗಿಟಾರೇ ಸರಿಯಿಲ್ಲ,” ಎಂದು ಇವನು. ಮಾರನೆಯ ದಿನ ಬೆಳಿಗ್ಗೆ ಎರಡನ್ನೂ ಮುಂದಿಟ್ಟುಕೊಂಡು ಕೂತೆವು. ಎರಡೂ ಸರಿಯಿದ್ದವು. ಕೆಟ್ಟಿದ್ದು ಅವೆರಡರ ನಡುವಿನ ಸಂಬಂಧ.

ಹೊಯ್ಸಳರ ಕಾಲಕ್ಕೆ ಈ ತಾಪತ್ರಯ ಇರಲಿಲ್ಲ. ಹೆಗ್ಗಡೆ ಪೆದ್ದಣ್ಣ ಮತ್ತು ಅವನ ತಮ್ಮಂದಿರು 1235ರ ಸುಮಾರಿಗೆ ನಮ್ಮೂರ ಚೆನ್ನಕೇಶವ, ಸೋಮೇಶ್ವರ ಗುಡಿಗಳನ್ನು ಕಟ್ಟಿಸಿದಾಗ ಉತ್ಸವಕ್ಕೆ ಬೇಕಾದ ವಾದ್ಯಗಳೆಲ್ಲ ತಾವಾಗಿಯೇ ಊರು ತುಂಬುವಂಥವು. ಬೇಲೂರಿನ ಮದನಿಕೆಯರಲ್ಲಿ ಮದ್ದಳೆ ಬಾರಿಸುವವಳಿದ್ದಾಳಲ್ಲ, ಅವಳಿಗೆ ಮೈಕ್ ಬೇಕಿಲ್ಲ. ಕಷ್ಟವಿರುವುದು ತಂತಿವಾದ್ಯಗಳಿಗೆ. ಗಿಟಾರಿನ ಅತಿ ಸಣ್ಣ ತಂತಿಯ ದಪ್ಪ ಸುಮಾರು 0.3 ಮಿಲಿಮೀಟರ್. ಅಷ್ಟು ಸಣ್ಣ ತಂತಿ ಎಷ್ಟೇ ಅಲುಗಾಡಿದರೂ ಗಾಳಿಯನ್ನು ಸೀಳಿಕೊಂಡು ಹೋಗುತ್ತದೆಯೇ ಹೊರತು ತಳ್ಳುವುದಿಲ್ಲ. ಗಾಳಿ ತಳ್ಳಲು ಅಗಲವಾದ ಏನಾದರೊಂದು ಬೇಕು. ಅದಕ್ಕೇ ವೀಣೆಗೆ ಹಲಸಿನ ಮರದ ಕೊಡ, ಗಿಟಾರಿಗೆ ಮರದ ಪೆಟ್ಟಿಗೆ.

ಆರು ತಂತಿಗಳೂ ಸೇರಿ ಎಳೆಯುವ ಬಲ ಸುಮಾರು 70 ಕಿಲೋ ತೂಕಕ್ಕೆ ಸಮ. ಆ ಎಳೆತವನ್ನೆಲ್ಲ ಹೊತ್ತು ನಿಂತಿರುವುದು ಕುದುರೆ. (ವೀಣೆಯವರು ಬ್ರಿಡ್ಜ್ ಎನ್ನುವುದಿಲ್ಲ, ಕುದುರೆ ಎನ್ನುತ್ತಾರೆ, ಗಿಟಾರಿಗೂ ಅದೇ ಇರಲಿ.) ತಂತಿ ನಡುಗಿದರೆ ಕುದುರೆ ನಡುಗುತ್ತದೆ, ಕುದುರೆಯ ಕೆಳಗಿನ ಮೂರು ಮಿಲಿಮೀಟರಿಗೂ ತೆಳುವಾದ ಹಲಗೆ ನಡುಗುತ್ತದೆ, ಹಲಗೆ ಗಾಳಿಯನ್ನು ತಳ್ಳುತ್ತದೆ. ಇದರ ಜೊತೆಗೆ ಪೆಟ್ಟಿಗೆಯೊಳಗಿನ ಗಾಳಿಯದ್ದೇ ಒಂದು ಆಟವಿದೆ. ಖಾಲಿ ಬಾಟಲಿಯ ಬಾಯಿಗೆ ಊದಿದರೆ ‘ಹೂಂ’ ಎನ್ನುತ್ತದಲ್ಲ, ಹಾಗೆಯೇ ಗಿಟಾರಿನ ದುಂಡು ಕಂಡಿಯ ಹಿಂದಿನ ಗಾಳಿಗೂ ತನ್ನದೇ ಒಂದು ಸ್ವರವಿದೆ. ಸೆಕೆಂಡಿಗೆ ಸುಮಾರು 100 ಕಂಪನ. ಹಲಗೆಯದ್ದು ಅದರ ಎರಡರಷ್ಟು, 200ರ ಆಸುಪಾಸು. ತಗ್ಗಿನ ತಂತಿಗಳಿಗೆ ಆ ತುಂಬುದನಿ ಬರುವುದು ಈ ಎರಡು ಅನುರಣನಗಳಿಂದ. ಜಗಲಿಯ ಮೇಲೆ ನಾವು ಮೆಚ್ಚಿದ್ದು ತಂತಿಯನ್ನಲ್ಲ, ಪೆಟ್ಟಿಗೆಯನ್ನು.

ವೇದಿಕೆಯ ಮೇಲೆ ವೈರಿಯಾಗುವುದೂ ಅದೇ ಪೆಟ್ಟಿಗೆ. ಆದರೆ ಮೊದಲು ತಗಡಿನ ಕಥೆ ಹೇಳಿಬಿಡುತ್ತೇನೆ.

ಅಳಿಯನ ಗಿಟಾರಿನ ಹಲಗೆಗೆ ನಾಲ್ಕಾಣೆ ನಾಣ್ಯದಂಥ ಒಂದು ಬಿಲ್ಲೆ ಅಂಟಿಸಿತ್ತು. ಅದು ಪಿಯೆಜೊ ಪಿಕಪ್. 1880ರಲ್ಲಿ ಫ್ರಾನ್ಸಿನ ಪಿಯರ್ ಮತ್ತು ಜಾಕ್ ಕ್ಯೂರಿ ಸಹೋದರರು ಕೆಲವು ಹರಳುಗಳನ್ನು ಒತ್ತಿದರೆ ಅವುಗಳ ಮೈಮೇಲೆ ವಿದ್ಯುತ್ತು ಮೂಡುವುದನ್ನು ಕಂಡರು. ಅದೇ ಗುಣ ನಿಮ್ಮ ಅಡುಗೆಮನೆಯಲ್ಲೂ ಇದೆ. ಗ್ಯಾಸ್ ಲೈಟರನ್ನು ‘ಟಕ್’ ಎಂದು ಒತ್ತಿದಾಗ ಕಿಡಿ ಹಾರುವುದು ಇದರಿಂದಲೇ. ಲೈಟರಿನಲ್ಲಿ ಸುತ್ತಿಗೆಯ ಪೆಟ್ಟು, ಗಿಟಾರಿನಲ್ಲಿ ಮರದ ನಡುಕ, ವ್ಯತ್ಯಾಸ ಅಷ್ಟೇ.

ಪಿಯೆಜೊದ ಕಷ್ಟವೆಂದರೆ ಅದರಲ್ಲಿ ಹುಟ್ಟುವ ವಿದ್ಯುತ್ತು ಬಹಳ ಬಡಕಲು. ನಮ್ಮ ಅರಸೀಕೆರೆ ಸೀಮೆಯವರಿಗೆ ಇದನ್ನು ವಿವರಿಸುವುದು ಸುಲಭ. ಅರ್ಧ ಇಂಚು ನೀರಿನ ಬೋರಿಗೆ ಹತ್ತು ಎಚ್‌ಪಿ ಮೋಟಾರು ಇಳಿಸಿದರೆ ಏನಾಗುತ್ತದೆ? ಎರಡು ನಿಮಿಷ ನೀರು, ಆಮೇಲೆ ಬುಸ್ ಎಂದು ಗಾಳಿ. ಮೈಕ್‌ಸೆಟ್ಟಿನ ಮಿಕ್ಸರ್ ಆ ದೊಡ್ಡ ಮೋಟಾರು. ಅದರ ಲೈನ್ ಇನ್‌ಪುಟ್ಟಿನ ತಡೆ ಸಾಮಾನ್ಯವಾಗಿ 10 ಸಾವಿರ ಓಮ್ ಆಸುಪಾಸು. ಪಿಯೆಜೊಗೆ ಅದು ತೀರಾ ಕಡಿಮೆ. ಬಿಲ್ಲೆಯ ಮೇಲೆ ಹುಟ್ಟಿದ ವಿದ್ಯುದಾವೇಶವೆಲ್ಲ ಸ್ವರ ಪೂರ್ತಿಯಾಗುವ ಮೊದಲೇ ಸೋರಿಹೋಗುತ್ತದೆ. ವೇಗವಾಗಿ ನಡುಗುವ ಕೀರಲು ಸ್ವರಗಳು ಸೋರುವ ಮೊದಲೇ ದಾಟಿಕೊಳ್ಳುತ್ತವೆ. ನಿಧಾನವಾಗಿ ನಡುಗುವ ತಗ್ಗು ಸ್ವರಗಳು ದಾರಿಯಲ್ಲೇ ಬತ್ತುತ್ತವೆ.

ಲೆಕ್ಕ ಹಾಕಿದರೆ ನಗು ಬರುತ್ತದೆ. ಪಿಕಪ್ಪಿನ ಧಾರಕತೆ ಒಂದು ನ್ಯಾನೋಫ್ಯಾರಡ್ ಎಂದಿಟ್ಟುಕೊಳ್ಳಿ. 10 ಸಾವಿರ ಓಮ್ ಇನ್‌ಪುಟ್ಟಿಗೆ ಚುಚ್ಚಿದರೆ ಸುಮಾರು 16 ಸಾವಿರ ಹರ್ಟ್ಜ್‌ಗಿಂತ ಕೆಳಗಿನ ಸ್ವರಗಳೆಲ್ಲ ಸೊರಗುತ್ತಾ ಹೋಗುತ್ತವೆ. ಗಿಟಾರಿನ ಬಿಟ್ಟ ತಂತಿಗಳ ಸ್ವರಗಳೋ, ದಪ್ಪನೆಯದು 82 ಹರ್ಟ್ಜ್, ಸಣ್ಣದು 330. ಎಂದರೆ ಸಂಗೀತವೆಲ್ಲ ಸೋಸಿಹೋಗಿ ಉಗುರಿನ ಕೆರೆತವೊಂದೇ ಉಳಿಯಿತು. ಅದೇ ಪಿಕಪ್ಪನ್ನು ಒಂದು ಕೋಟಿ ಓಮ್ ತಡೆಯಿರುವ ಪ್ರೀಆಂಪ್‌ಗೆ (ಮಿಕ್ಸರಿಗಿಂತ ಮೊದಲು ಬರುವ ಪುಟ್ಟ ಆಂಪ್ಲಿಫಯರ್) ಕೊಟ್ಟರೆ ಗೆರೆ 16 ಹರ್ಟ್ಜ್‌ಗೆ ಇಳಿಯುತ್ತದೆ. ಗಿಟಾರಿನ ಒಂದು ಸ್ವರವೂ ಕಳೆದುಹೋಗುವುದಿಲ್ಲ. ಬಿಲ್ಲೆ ಅದೇ, ಗಿಟಾರ್ ಅದೇ, ಬೆರಳೂ ಅದೇ.

ವೈರು ಬೇರೆ ಇಪ್ಪತ್ತು ಮೀಟರ್ ಎಳೆದಿದ್ದರು. ಮೀಟರಿಗೆ 100 ಪಿಕೋಫ್ಯಾರಡ್ ಧಾರಕತೆ ಎಂದರೂ ವೈರಿನ ಪಾಲು ಎರಡು ನ್ಯಾನೋಫ್ಯಾರಡ್, ಪಿಕಪ್ಪಿನದ್ದಕ್ಕಿಂತ ದುಪ್ಪಟ್ಟು. ಹುಟ್ಟಿದ ಸಂಕೇತದಲ್ಲಿ ಮೂರನೇ ಎರಡು ಭಾಗವನ್ನು ವೈರೇ ನುಂಗಿತು. ಹಾಗಾಗಿ ಪ್ರೀಆಂಪ್ ಇರಬೇಕಾದದ್ದು ಗಿಟಾರಿನ ಹತ್ತಿರ, ಮಿಕ್ಸರಿನ ಹತ್ತಿರವಲ್ಲ. ಅಂಗಡಿಯಲ್ಲಿ ‘ಸೆಮಿ ಅಕೌಸ್ಟಿಕ್’ ಎಂದು ಮಾರುವ ಗಿಟಾರುಗಳ ಪಕ್ಕೆಯಲ್ಲಿ ಗುಂಡಿಗಳಿರುವ ಕಪ್ಪು ಪೆಟ್ಟಿಗೆ ಇರುತ್ತದಲ್ಲ, ಅದೇ ಈ ಪ್ರೀಆಂಪ್. ಒಳಗೆ 9 ವೋಲ್ಟಿನ ಬ್ಯಾಟರಿ. ಅದು ಸೊರಗಿದರೂ ಗಿಟಾರ್ ತಗಡಾಗುತ್ತದೆ, ಒಡಕು ದನಿ ಬರುತ್ತದೆ. ಬಹಳಷ್ಟು ಗಿಟಾರುಗಳಲ್ಲಿ ವೈರು ಚುಚ್ಚಿದ ಕ್ಷಣದಿಂದ ಬ್ಯಾಟರಿ ಖರ್ಚಾಗತೊಡಗುತ್ತದೆ. ಅಭ್ಯಾಸ ಮುಗಿಸಿ ವೈರನ್ನು ಚುಚ್ಚಿದ್ದಂತೆಯೇ ಬಿಟ್ಟು ಮಲಗಿದರೆ ಮಾರನೆಯ ದಿನ ಮೈಕ್‌ಸೆಟ್ಟಿನವರನ್ನು ಬೈಯಬೇಡಿ.

ಬಿಲ್ಲೆಯನ್ನು ಹಲಗೆಗೆ ಅಂಟಿಸುವ ಬದಲು ಕುದುರೆಯ ಕೆಳಗೇ ಪಿಯೆಜೊ ಪಟ್ಟಿ ಇಟ್ಟರೆ ತಂತಿಯ ಸದ್ದು ಇನ್ನೂ ನೇರ. 1960ರ ದಶಕದಲ್ಲಿ ಈ ಪದ್ಧತಿಯನ್ನು ಜನಪ್ರಿಯಗೊಳಿಸಿದ್ದು ಅಮೆರಿಕದ ಒವೇಶನ್ ಗಿಟಾರುಗಳು. ಆ ಕಂಪನಿ ಕಟ್ಟಿದ ಚಾರ್ಲ್ಸ್ ಕಾಮನ್ ಹೆಲಿಕಾಪ್ಟರ್ ಎಂಜಿನಿಯರ್. ರೆಕ್ಕೆಯ ನಡುಕವನ್ನು ಅಡಗಿಸುವುದು ಹೇಗೆಂದು ಆಯುಷ್ಯ ಸವೆಸಿದವರು ನಡುಕವನ್ನು ಹಾಡಿಸಲು ಹೊರಟರು! ಆದರೆ ಕುದುರೆಯ ಕೆಳಗಿನ ಪಟ್ಟಿಗೆ ತಿಳಿಯುವುದು ಒತ್ತಡ ಮಾತ್ರ. ಪೆಟ್ಟಿಗೆಯ ಉಸಿರು ಅದಕ್ಕೆ ಕೇಳಿಸುವುದಿಲ್ಲ. ಜೋರಾಗಿ ಮೀಟಿದರೆ ಬಾತುಕೋಳಿ ‘ಕ್ವ್ಯಾಕ್’ ಎಂದಂತಾಗುತ್ತದೆ. ಈಗ ಬಂದಿರುವ ಕೆಲವು ಪೆಡಲ್‌ಗಳು ಗಿಟಾರಿನ ನಿಜದನಿಗೂ ಪಿಕಪ್ಪಿನ ದನಿಗೂ ಇರುವ ವ್ಯತ್ಯಾಸವನ್ನು ಗಣಿತದಿಂದ ತುಂಬಿಕೊಡುತ್ತವೆ. ಚೆನ್ನಾಗಿಯೇ ಕೇಳಿಸುತ್ತದೆ. ಆದರೆ ಹಳ್ಳಿಯ ಪೆಂಡಾಲಿಗೆ ಮೊದಲು ಬೇಕಾದದ್ದು ಅದಲ್ಲ.

ಇನ್ನು ಗೂಬೆಯ ವಿಷಯ. ಮರದ ಹಲಗೆ ತೆಳುವಾಗಿದ್ದಷ್ಟೂ ಗಾಳಿಯನ್ನು ಚೆನ್ನಾಗಿ ತಳ್ಳುತ್ತದೆ; ಅಷ್ಟೇ ಚೆನ್ನಾಗಿ ಗಾಳಿಯಿಂದ ತಳ್ಳಿಸಿಕೊಳ್ಳುತ್ತದೆ ಕೂಡ. ಹಾಡುವಾಗ ಅದು ಸ್ಪೀಕರ್, ಸುಮ್ಮನಿದ್ದಾಗ ಮೈಕ್. ಡಬ್ಬದಂಥ ದೊಡ್ಡ ಸ್ಪೀಕರಿನಿಂದ ಹೊರಟ 100 ಹರ್ಟ್ಜ್ ಸದ್ದು ಬಂದು ಗಿಟಾರಿನ ಹೊಟ್ಟೆಯನ್ನು ತಟ್ಟುತ್ತದೆ. ಹೊಟ್ಟೆಯ ಇಷ್ಟದ ಸ್ವರವೂ ಅದೇ. ಹಲಗೆ ನಡುಗಿ, ಪಿಕಪ್ ಅದನ್ನು ಹಿಡಿದು, ಆಂಪ್ಲಿಫಯರ್ ಹಿಗ್ಗಿಸಿ, ಸ್ಪೀಕರ್ ಮತ್ತೆ ಹೊರಗೆ ಹಾಕುತ್ತದೆ. ಒಂದು ಸುತ್ತು ತಿರುಗಿ ಬರುವಾಗ ಸದ್ದು ಹೊರಟದ್ದಕ್ಕಿಂತ ಒಂದು ಕೂದಲೆಳೆಯಷ್ಟು ದೊಡ್ಡದಾಗಿದ್ದರೂ ಸಾಕು, ಆಮೇಲೆ ಯಾರೂ ನುಡಿಸಬೇಕಾಗಿಲ್ಲ. ಡೆನ್ಮಾರ್ಕಿನ ಭೌತವಿಜ್ಞಾನಿ ಸೋರೆನ್ ಲಾರ್ಸೆನ್ ಹೆಸರಿನಲ್ಲಿ ಇದನ್ನು ಲಾರ್ಸೆನ್ ಪರಿಣಾಮ ಎನ್ನುತ್ತಾರೆ.

ಹಾಸನ ಜಿಲ್ಲೆಯಲ್ಲಿ 1920ರಲ್ಲಿ ಹುಟ್ಟಿದ ವೀಣೆ ದೊರೆಸ್ವಾಮಿ ಅಯ್ಯಂಗಾರರು ಬೆಂಗಳೂರು ಆಕಾಶವಾಣಿಯಲ್ಲಿ ಕೆಲಸ ಮಾಡಿದವರು. ರೇಡಿಯೋದಲ್ಲಿ ಅವರ ವೀಣೆಯ ಗಮಕದ ಕೊನೆಯ ಎಳೆಯೂ ಕಿವಿಗೆ ಬೀಳುತ್ತಿತ್ತು. ಸ್ಟುಡಿಯೋದಲ್ಲಿ ಮೈಕ್ ಮುಂದೆ ಸ್ಪೀಕರ್ ಇರುವುದಿಲ್ಲ. ಸುತ್ತು ಪೂರ್ತಿಯಾಗುವುದೇ ಇಲ್ಲ. ಯೂಟ್ಯೂಬಿನಲ್ಲಿ ಕೇಳಿದ ಗಿಟಾರ್ ನಮ್ಮೂರ ವೇದಿಕೆಯಲ್ಲಿ ಯಾಕೆ ಹಾಗೆ ಕೇಳಿಸಲಿಲ್ಲ ಎಂಬುದಕ್ಕೆ ಅರ್ಧ ಉತ್ತರ ಇಲ್ಲೇ ಇದೆ. ಮ್ಯಾಂಡೊಲಿನ್ ಶ್ರೀನಿವಾಸ್ ಎಲೆಕ್ಟ್ರಿಕ್ ಮ್ಯಾಂಡೊಲಿನ್ ಹಿಡಿದು ದೊಡ್ಡ ಸಭೆಗಳನ್ನು ಗೆದ್ದರಲ್ಲ, ಅದರ ಮೈ ಗಟ್ಟಿ ಮರ. ತಟ್ಟಲು ಟೊಳ್ಳು ಹೊಟ್ಟೆಯೇ ಇಲ್ಲ.

ಕೂಗು ಎಲ್ಲಿಂದ ಬರುತ್ತಿದೆ ಎಂದು ಕಿವಿಯಲ್ಲೇ ಕಂಡುಹಿಡಿಯಬಹುದು. ‘ಕುಂಯ್’ ಎಂಬ ಕೀರಲು ಸಿಳ್ಳೆಯಾದರೆ ಅದು ಬಹುಮಟ್ಟಿಗೆ ಹಾಡುಗಾರನ ಮೈಕ್. ‘ಗುಂಂ’ ಎಂಬ ತಗ್ಗಿನ ಗುಟುರಾದರೆ ಗಿಟಾರಿನ ಹೊಟ್ಟೆ. ಹೊಟ್ಟೆಯ ಮದ್ದು ಸುಲಭ. ದುಂಡು ಕಂಡಿಗೆ ರಬ್ಬರಿನ ಮುಚ್ಚಳ ಸಿಗುತ್ತದೆ. ಹಾಕಿದರೆ ಒಳಗಿನ ಗಾಳಿಯ ಅನುರಣನ ಅಡಗುತ್ತದೆ. ಪ್ರೀಆಂಪ್‌ನಲ್ಲಿ ‘ನಾಚ್’ ಗುಂಡಿಯಿದ್ದರೆ 100ರ ಸುತ್ತಮುತ್ತ ತಿರುಗಿಸಿ ಗುಟುರು ನಿಲ್ಲುವ ಜಾಗದಲ್ಲಿ ಬಿಡಿ. ‘ಫೇಸ್’ ಗುಂಡಿಯಿದ್ದರೆ ಒತ್ತಿ ನೋಡಿ. ವಾಪಸು ಬರುವ ಗಾಳಿ ಹಲಗೆಯ ಚಲನೆಗೆ ಜೊತೆಗೂಡುವ ಬದಲು ಎದುರಾಗುವಂತೆ ಅದು ಮಾಡುತ್ತದೆ. ನಿಂತ ಜಾಗ ಬದಲಾದರೆ ಪರಿಣಾಮವೂ ಬದಲಾಗುತ್ತದೆ. ಎಲ್ಲಕ್ಕಿಂತ ಮೇಲು, ಸ್ಪೀಕರ್‌ಗಳನ್ನು ಹಾಡುವವರಿಗಿಂತ ಮುಂದಕ್ಕೆ ತಂದು ಜನರತ್ತ ತಿರುಗಿಸುವುದು. ನಮ್ಮಲ್ಲಿ ವೇದಿಕೆಯ ಹಿಂಬದಿಗೆ ಅಲಂಕಾರಕ್ಕೆಂಬಂತೆ ಪೇರಿಸಿಡುತ್ತಾರೆ, ಮಂಟಪದ ದ್ವಾರಪಾಲಕರ ಹಾಗೆ.

ಪೆಂಡಾಲಿನ ಇನ್ನೊಂದು ಕಾಟ 50 ಹರ್ಟ್ಜ್‌ನ ಹಮ್ಮು. ಗಿಟಾರಿನ ಉದ್ದ ವೈರು ಜನರೇಟರಿನ ಕೇಬಲ್ ಪಕ್ಕದಲ್ಲಿ, ಸೀರಿಯಲ್ ಸೆಟ್ಟಿನ ಕೆಳಗೆ ಹಾದುಹೋದರೆ ಆಂಟೆನಾ ಆಗುತ್ತದೆ. ಡಿ.ಐ. ಬಾಕ್ಸ್ ಎಂಬ ಅಂಗೈಯಗಲದ ಪೆಟ್ಟಿಗೆ ಒಂದೇ ಸಂಕೇತವನ್ನು ಎರಡು ತಂತಿಗಳಲ್ಲಿ ಒಂದಕ್ಕೊಂದು ತದ್ವಿರುದ್ಧವಾಗಿ ಕಳಿಸುತ್ತದೆ. ದಾರಿಯಲ್ಲಿ ಸೇರಿಕೊಂಡ ಹಮ್ಮು ಎರಡರಲ್ಲೂ ಒಂದೇ ಸಮ. ಮಿಕ್ಸರ್ ಎರಡರ ವ್ಯತ್ಯಾಸ ತೆಗೆದಾಗ ಗಿಟಾರ್ ಉಳಿಯುತ್ತದೆ, ಹಮ್ಮು ಕಳೆದುಹೋಗುತ್ತದೆ.

ಮೂರು ತಿಂಗಳ ಮೇಲೆ ಅರಸೀಕೆರೆಯ ಒಂದು ಕಲ್ಯಾಣ ಮಂಟಪದಲ್ಲಿ ನಂಟರ ಆರತಕ್ಷತೆ. ಪ್ರೀಆಂಪ್ ಬಂದಿತ್ತು, ಹೊಸ ಬ್ಯಾಟರಿ, ರಬ್ಬರ್ ಮುಚ್ಚಳ, ಡಿ.ಐ. ಎಲ್ಲ ಇತ್ತು. ಸಂಜೆ ನಾಲ್ಕಕ್ಕೆ ಖಾಲಿ ಹಾಲಿನಲ್ಲಿ ನುಡಿಸಿ ನೋಡಿದರೆ ಒಂದು ಸ್ವರ ಇನ್ನೊಂದರ ಮೇಲೆ ಬಿದ್ದು ಗೊಜ್ಜು. ಅಳಿಯನ ಮುಖ ಮತ್ತೆ ಸಪ್ಪಗಾಯಿತು. ಇಲ್ಲಿ ತಪ್ಪು ವಾದ್ಯದ್ದೂ ಅಲ್ಲ, ಮೈಕ್‌ಸೆಟ್ಟಿನದ್ದೂ ಅಲ್ಲ, ಗ್ರಾನೈಟ್ ನೆಲದ್ದು. 30 ಮೀಟರ್ ಉದ್ದ, 15 ಅಗಲ, 6 ಎತ್ತರದ ಹಾಲ್ ಎಂದುಕೊಳ್ಳಿ. ಗೋಡೆ, ನೆಲ, ಸೂರು ತಮಗೆ ತಾಗಿದ ಸದ್ದಿನ ನೂರಕ್ಕೆ ಮೂರು ಪಾಲನ್ನಷ್ಟೇ ಹೀರಿದರೆ, ಭೌತವಿಜ್ಞಾನಿ ವಾಲೇಸ್ ಸಾಬಿನ್‌ರ ಸೂತ್ರದ ಪ್ರಕಾರ ಹುಟ್ಟಿದ ಸದ್ದು ಪೂರಾ ಅಡಗಲು ಸುಮಾರು ಹತ್ತು ಸೆಕೆಂಡು. ಮುನ್ನೂರು ಜನ ಬಂದು ಕೂತರೆ ಅವರ ಬಟ್ಟೆ, ಮೈ ಎಲ್ಲ ಸದ್ದು ಹೀರಿ ಅದು ಎರಡೂವರೆ ಸೆಕೆಂಡಿಗೆ ಇಳಿಯುತ್ತದೆ. ಏಳು ಗಂಟೆಗೆ ರೇಷ್ಮೆ ಸೀರೆಗಳು ಬಂದು ಕುರ್ಚಿ ತುಂಬಿದವು. ಗಿಟಾರ್ ತಾನಾಗಿ ತಿಳಿಯಾಯಿತು. ನಾಲ್ಕು ಗಂಟೆಗೆ ಗಾಬರಿಬಿದ್ದು ಗುಂಡಿಗಳನ್ನೆಲ್ಲ ತಿರುಗಿಸಿದ್ದರೆ ಏಳಕ್ಕೆ ಕೆಡುತ್ತಿತ್ತು.

ಅಂದು ಅವನು ನುಡಿಸಿದ್ದು ನಾಲ್ಕು ಹಾಡು. ಮೈಕ್‌ಸೆಟ್ಟಿನ ಹುಡುಗ ಅದೇ ಹುಡುಗ. ಕೊನೆಗೆ ಬಂದು, “ಆ ರಬ್ಬರ್ ಬಿಲ್ಲೆ ಎಲ್ ಸಿಗ್ತೈತೆ ಸಾರ್? ನಮ್ ಪೆಟ್ಟಿಗೇಲೂ ಒಂದ್ ಇಟ್ಕತೀನಿ,” ಎಂದು ಕೇಳಿದ.

ಗಣಪತಿ ಪೆಂಡಾಲಿನ, ಜಾತ್ರೆಯ, ರಾಜ್ಯೋತ್ಸವದ ಸಂಘಟಕರಲ್ಲಿ ಒಂದು ಅರಿಕೆ. ಗಣ್ಯರ ಭಾಷಣಕ್ಕೆ ಒಂದೂವರೆ ಗಂಟೆ ಕೊಡುತ್ತೀರಿ, ಕೊಡಿ. ಅದು ಶುರುವಾಗುವ ಮೊದಲು ಗಿಟಾರಿನವನಿಗೂ ಮೈಕ್‌ಸೆಟ್ಟಿನವನಿಗೂ ಒಟ್ಟಿಗೆ ಹದಿನೈದು ನಿಮಿಷ ಬಿಟ್ಟುಕೊಡಿ.