ಪಾದ್ರಿಯ ಮಗ ಓದಿಸಿದ ಕೋಡಿಮಠದ ಕಲ್ಲು

ಶಿರಾಳಕೊಪ್ಪದ ಪಕ್ಕದ ಬಳ್ಳಿಗಾವಿಗೆ ಹೋದವರು ಕೇದಾರೇಶ್ವರನಿಗೆ ಕೈ ಮುಗಿದು, ಹುಲಿಯನ್ನಿರಿಯುವ ಸಳನ ಕೆಳಗೆ ನಿಂತು ಫೋಟೊ ತೆಗೆಸಿಕೊಂಡು ಬಸ್ಸು ಹತ್ತುತ್ತಾರೆ. ಶಾಸನದ ಕಲ್ಲಿನ ಮುಂದೆ ನಿಲ್ಲುವವರು ಕಡಿಮೆ. ಹಳಗನ್ನಡ, ನಮಗೆಲ್ಲಿ ಅರ್ಥವಾದೀತು ಎಂಬ ನೆಪ ಬೇರೆ. ಆ ನೆಪ ನೂರು ವರ್ಷದ ಹಿಂದೆಯೇ ತೀರಿಹೋಗಿದೆ. ತೀರಿಸಿದವರು ಒಬ್ಬ ಪಾದ್ರಿಯ ಮಗ.

ಆ ಕಲ್ಲು ಹೇಳುವುದು ಬಳ್ಳಿಗಾವಿಯ ಒಂದು ಮಠದ ಕಥೆ. ತಾವರೆಕೆರೆಯ ಕೋಡಿಯ ಬಳಿ ಇದ್ದುದರಿಂದ ಅದು ಕೋಡಿಮಠ. 1162ರಲ್ಲಿ ಅಲ್ಲಿ ಗುರುವಾಗಿದ್ದವರು ಕಾಳಾಮುಖ ಪಂಥದ ವಾಮಶಕ್ತಿ, ಆಳುತ್ತಿದ್ದವನು ಕಳಚುರಿ ಬಿಜ್ಜಳ. ಆ ವರ್ಷದ ಶಾಸನ ಮಠದ ದಿನಚರಿಯನ್ನೇ ಬಿಚ್ಚಿಡುತ್ತದೆ. ವೇದ, ಪುರಾಣ, ಕಾವ್ಯ, ನಾಟಕಗಳ ಪಾಠ ಸರಿ. ಪಾಣಿನಿಯ ಜೊತೆಗೆ ಶಾಕಟಾಯನನ ವ್ಯಾಕರಣ, ಬೌದ್ಧ ದರ್ಶನವೂ ಉಂಟು. ಶೈವರ ಮಠದಲ್ಲಿ ಜೈನನ ವ್ಯಾಕರಣ! ಇನ್ನು ಊಟದ ಪಂಕ್ತಿ ನೋಡಿ: ಬಡವರು, ದಿಕ್ಕಿಲ್ಲದವರು, ಕುಂಟರು, ಕುರುಡರು, ಕಿವುಡರು, ಕಥೆ ಹೇಳುವವರು, ಹಾಡುವವರು, ಬಾರಿಸುವವರು, ಜೈನ ಕ್ಷಪಣಕರು, ನಾನಾ ದೇಶದ ಭಿಕ್ಷುಕರು. ರೋಗಿಗಳನ್ನು ಇರಿಸಿಕೊಂಡು ಮದ್ದು ಕೊಡುವ ಜಾಗವೂ ಇದೇ. ಕೊನೆಗೆ, ಸಕಲ ಜೀವಿಗಳಿಗೂ ಅಭಯ.

ಈ ಪಟ್ಟಿಯಲ್ಲಿ ಹೆಂಗಸರಿಗೆಂದೇ ಒಂದು ಸಾಲು ನನಗೆ ಕಾಣಲಿಲ್ಲ. ಆದರೆ ಇದೇ ಊರಿನ ಬೌದ್ಧ ವಿಹಾರದಲ್ಲಿ ತಾರಾ ಭಗವತಿಯ ಮೂರ್ತಿ ಮಾಡಿಸಿದವಳು ನಾಗಿಯಕ್ಕ, ಅದೂ ನೂರು ವರ್ಷ ಮೊದಲು. ಅಕ್ಕಮಹಾದೇವಿಯ ಉಡುತಡಿಯೂ ಇದೇ ಸೀಮೆ.

ಕಲ್ಲನ್ನು ಓದಿದವರು ಬಿ.ಎಲ್. ರೈಸ್. ಹುಟ್ಟಿದ್ದು 1837ರಲ್ಲಿ, ಬೆಂಗಳೂರಿನಲ್ಲಿ. ತಂದೆ ಬೆಂಜಮಿನ್ ರೈಸ್ ಲಂಡನ್ ಮಿಷನ್ನಿನ ಪಾದ್ರಿ. ತಾಯಿ ಜೇನ್ ರೈಸ್, ಶ್ರೀಮತಿ ಸೀವೆಲ್ ಅವರ ಜೊತೆಗೂಡಿ 1840ರಲ್ಲಿ ಪೇಟೆಯಲ್ಲಿ ಕನ್ನಡದ ಹೆಣ್ಣುಮಕ್ಕಳಿಗೆ ಶಾಲೆ ತೆರೆದಾಕೆ. ಹೆಣ್ಣು ಓದಿದರೆ ಮನೆ ಕೆಡುತ್ತದೆ ಎನ್ನುತ್ತಿದ್ದ ಕಾಲ. ಮಗನಿಗೆ ಆಗ ಮೂರು ವರ್ಷ. ಮುಂದೆ ಶಾಲೆಗಳ ತನಿಖೆಗೆಂದು ಕುದುರೆಯೇರಿ ಊರೂರು ತಿರುಗುವಾಗಲೇ ಅವರಿಗೆ ಶಾಸನಗಳ ಹುಚ್ಚು ಹತ್ತಿದ್ದು. ಅವರ 1879ರ ಪುಸ್ತಕದಲ್ಲೇ ಬಳ್ಳಿಗಾವಿಯ ಶಾಸನಗಳ ಅನುವಾದವಿತ್ತು. ಬಳ್ಳಿಗಾವಿಯೂ ಸೇರಿದ ಶಿಕಾರಿಪುರ ತಾಲ್ಲೂಕಿನ ಶಾಸನಗಳು ಮೂಲಪಾಠ ಸಹಿತ ಅಚ್ಚಾದದ್ದು ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಏಳನೆಯ ಸಂಪುಟದಲ್ಲಿ, 1902ರಲ್ಲಿ.

ಮೈಸೂರು ಸೀಮೆಯಲ್ಲಿ ಮಿಷನ್ನಿನ ಹೆಂಗಸರು ಮನೆಮನೆಗೆ ಹೋಗಿ ಓದು, ಹೊಲಿಗೆ ಕಲಿಸುತ್ತಿದ್ದ ಕಾಲವದು. ಚೀಲದಲ್ಲಿ ಬೈಬಲ್ ಇರುತ್ತಿತ್ತು, ಮತಾಂತರದ ಆಸೆಯೂ ಇತ್ತು, ಮುಚ್ಚುಮರೆಯೇನಿಲ್ಲ. ವಾಮಶಕ್ತಿಗಳ ಅನ್ನದ ಹಿಂದೆಯೂ ಬಿಜ್ಜಳನ ದತ್ತಿ, ಪಂಥದ ಹಿರಿಮೆ ಇದ್ದವು. ಉಣ್ಣುವವನಿಗೆ ಅದರ ಲೆಕ್ಕ ಯಾಕೆ? ದಾನಧರ್ಮವನ್ನು ಈ ನೆಲಕ್ಕೆ ಕಲಿಸಿದವರು ನಾವೇ ಎಂದು ಬೀಗುವ ಮಿಷನ್ ವರದಿಗೆ, ಮಿಷನ್ ಮನೆಯಲ್ಲೇ ಬೆಳೆದವನು ಅಚ್ಚು ಹಾಕಿಸಿದ ಈ ಶಾಸನ ಸಾಕು ಉತ್ತರ. ಹೆಣ್ಣುಮಕ್ಕಳ ಶಾಲೆಯೂ ನಮ್ಮಲ್ಲಿ ಮೊದಲೇ ಇತ್ತು ಎನ್ನುವವರಿಗೆ ಮಾತ್ರ ಈ ಕಲ್ಲು ಸಾಕ್ಷಿ ಹೇಳುವುದಿಲ್ಲ.

ರೈಸ್ ನಿವೃತ್ತರಾದದ್ದು 1906ರಲ್ಲಿ. ಅದೇ ವರ್ಷ ಮೈಸೂರಿನಲ್ಲಿ ವೆಸ್ಲಿಯನ್ ಮಿಷನ್ನಿನವರು ಹೆಂಗಸರು, ಮಕ್ಕಳಿಗೆಂದು ಹೋಲ್ಡ್ಸ್‌ವರ್ತ್ ಆಸ್ಪತ್ರೆ ತೆರೆದರು. ಊರವರ ಬಾಯಲ್ಲಿ ಅದು ಇವತ್ತಿಗೂ ಮಿಷನ್ ಆಸ್ಪತ್ರೆ.