ದುಡ್ಡು ಕೊಟ್ಟು ಗೇಮ್‌ ತಗೊಂಡ್ರೂ ಕಥೆ ಅರ್ಧನೇ! ಉಳಿದಿದ್ದನ್ನ ಕಂಪನಿಗಳು ಬೇಕಂತಲೇ ಎತ್ತಿಡ್ತಾವಾ?

ಪಿಯುಸಿ ಓದೋ ಮಗ ಹಟ ಮಾಡಿ ಮೂರು ಸಾವಿರದ ಗೇಮ್‌ ತಗೊಂಡ. ಎರಡು ತಿಂಗಳು ಕಳೆದಿಲ್ಲ, ಮತ್ತೆ ಬಂದು "ಅಪ್ಪಾ, ಇನ್ನೊಂದು ಎಂಟುನೂರು ಬೇಕು, ಅದೇ ಗೇಮಿಗೆ" ಅಂತಾನೆ. "ಮೊನ್ನೆ ತಾನೇ ಕೊಟ್ನಲ್ಲೋ?" ಅಂದ್ರೆ, "ಅದು ಗೇಮು, ಇದು ಡಿಎಲ್‌ಸಿ" ಅನ್ನೋ ಉತ್ತರ. ಮನೆಯಲ್ಲಿ ಪ್ಲೇಸ್ಟೇಷನ್ನೋ ಗೇಮಿಂಗ್‌ ಕಂಪ್ಯೂಟರೋ ಇರುವವರಿಗೆ ಈ ಮಾತುಕತೆ ಹೊಸದೇನಲ್ಲ. ಮಗ ಸುಳ್ಳು ಹೇಳ್ತಿಲ್ಲ. ಅಪ್ಪನ ಸಿಟ್ಟಲ್ಲೂ ನ್ಯಾಯ ಇದೆ.

ಡಿಎಲ್‌ಸಿ ಅಂದ್ರೆ ಡೌನ್‌ಲೋಡೆಬಲ್‌ ಕಂಟೆಂಟ್‌. ಒಂದು ಗೇಮ್‌ ಮಾರಾಟಕ್ಕೆ ಬಂದ ಮೇಲೆ ಅದಕ್ಕೆ ಅಂಟಿಸಿಕೊಳ್ಳಲು ಪ್ರತ್ಯೇಕವಾಗಿ ಮಾರುವ ಭಾಗ. ಸ್ವಲ್ಪ ದೊಡ್ಡದಾದರೆ ಎಕ್ಸ್‌ಪಾನ್ಷನ್‌ ಅಂತಾರೆ. ಕೆಲವದರಲ್ಲಿ ಬರೀ ಬಟ್ಟೆ, ಬಂದೂಕು. ಕೆಲವದರಲ್ಲಿ ಕಥೆಯ ಹೊಸ ಅಧ್ಯಾಯ. ಜಗಳ ಇರೋದು ಈ ಎರಡನೇ ಥರದ್ದರಲ್ಲಿ. ಕಥೆಯನ್ನ ಮೊದಲೇ ಪೂರ್ತಿ ಮಾಡಿಟ್ಟುಕೊಂಡು, ಅದರಿಂದ ಒಂದು ತುಂಡು ಕತ್ತರಿಸಿ ಬೇರೆ ಬೆಲೆಗೆ ಮಾರ್ತಾರಾ? ಆಟಗಾರರು ಹೌದು ಅಂತಾರೆ, ಕಂಪನಿಗಳು ಇಲ್ಲ ಅಂತಾವೆ.

ಒಂದು ಮಾತು ಮೊದಲೇ ಹೇಳಿಬಿಡಬೇಕು. ನಮ್ಮ ಕಡೆ ಹುಡುಗರು ಮೊಬೈಲಲ್ಲಿ ಆಡೋ ಬಿಜಿಎಂಐ, ಫ್ರೀ ಫೈರ್‌ ಮ್ಯಾಕ್ಸ್‌ ಈ ಲೆಕ್ಕಕ್ಕೆ ಬರಲ್ಲ. ಅವು ಫ್ರೀ, ಮುಗಿಸಬೇಕಾದ ಕಥೆ ಅಂತ ಅವುಗಳಲ್ಲಿಲ್ಲ. ಅಲ್ಲಿ ದುಡ್ಡು ಹೋಗೋದು ಸ್ಕಿನ್‌ಗೆ, ಬಂದೂಕಿನ ಬಣ್ಣಕ್ಕೆ. ದುಡ್ಡು ಕಟ್ಟಿ ಆಡುವ ರಮ್ಮಿ ಥರದ ಆಟಗಳ ಕಥೆಯಂತೂ ಬೇರೆಯೇ. ಇಲ್ಲಿ ಹೇಳ್ತಿರೋದು ಸಿನಿಮಾ ಥರ ಶುರು, ಮಧ್ಯ, ಕೊನೆ ಇರುವ, ಮುಂಗಡವೇ ಪೂರ್ತಿ ಬೆಲೆ ಕೊಟ್ಟು ಕೊಳ್ಳುವ ಗೇಮ್‌ಗಳ ವಿಚಾರ.

ಮೊದಲು ಹೀಗಿರಲಿಲ್ಲ

ಸೈಬರ್‌ ಕೆಫೆ ಕಾಲದಲ್ಲಿ ಆಡಿದವರಿಗೆ ಏಜ್‌ ಆಫ್‌ ಎಂಪೈರ್ಸ್‌ ನೆನಪಿರಬಹುದು. ಅದರ ಎರಡನೇ ಭಾಗ 1999ರಲ್ಲಿ ಬಂತು. ಮಾರನೇ ವರ್ಷ ದಿ ಕಾಂಕರರ್ಸ್‌ ಅನ್ನೋ ಎಕ್ಸ್‌ಪಾನ್ಷನ್‌ ಬೇರೆ ಸಿಡಿಯಲ್ಲಿ ಬಂತು. ಯಾರೂ ಮೋಸ ಅನ್ನಲಿಲ್ಲ. ಯಾಕಂದ್ರೆ ಮೊದಲ ಗೇಮ್‌ ಪೂರ್ತಿ ಇತ್ತು, ಎರಡನೇದು ಒಂದು ವರ್ಷ ದುಡಿದು ಮಾಡಿದ್ದು ಅಂತ ಕಣ್ಣಿಗೆ ಕಾಣ್ತಿತ್ತು. ಬಾಕ್ಸ್‌ ಪ್ರಿಂಟ್‌ ಮಾಡಿಸಿ, ಸಿಡಿ ಹಾಕಿ, ಅಂಗಡಿಗೆ ತಲುಪಿಸೋದು ಖರ್ಚಿನ ಬಾಬತ್ತು. ಚಿಕ್ಕಪುಟ್ಟದ್ದಕ್ಕೆ ಆ ಖರ್ಚು ಗಿಟ್ಟುತ್ತಿರಲಿಲ್ಲ. ಹಾಗಾಗಿ ಬಂದರೆ ದೊಡ್ಡದೇ ಬರ್ತಿತ್ತು.

ಕನ್ಸೋಲ್‌ಗಳಿಗೆ ಇಂಟರ್ನೆಟ್‌ ಬಂದ ಮೇಲೆ ಈ ತಡೆ ಹೋಯ್ತು. 2006ರಲ್ಲಿ ಒಬ್ಲಿವಿಯನ್‌ ಅನ್ನೋ ಗೇಮಿನಲ್ಲಿ ಕುದುರೆಗೆ ಹಾಕುವ ಕವಚವನ್ನ ಎರಡೂವರೆ ಡಾಲರ್‌ಗೆ ಮಾರಿದರು. ಜಗತ್ತೇ ನಕ್ಕಿತು. ಆದರೂ ಜನ ಕೊಂಡರು. ಆಮೇಲೆ ಕಂಪನಿಗಳು ತಿರುಗಿ ನೋಡಲಿಲ್ಲ.

2012ರ ಆ ಒಂದು ಪಾತ್ರ

ಕುದುರೆ ಕವಚ ಇಲ್ಲದಿದ್ರೂ ಆಟ ನಡೆಯುತ್ತೆ, ಕಥೆಯೂ ನಿಲ್ಲಲ್ಲ. ನಿಜವಾದ ರಂಪ ಎದ್ದಿದ್ದು 2012ರ ಮಾರ್ಚ್‌ನಲ್ಲಿ, ಮಾಸ್‌ ಎಫೆಕ್ಟ್‌ 3 ಬಿಡುಗಡೆ ಆದಾಗ. ಕೆನಡಾದ ಬಯೋವೇರ್‌ ಮಾಡಿದ, ಅಮೆರಿಕದ ಎಲೆಕ್ಟ್ರಾನಿಕ್‌ ಆರ್ಟ್ಸ್‌, ಅಂದ್ರೆ ಇಎ, ಮಾರಿದ ಗೇಮು. ಮೂರು ಭಾಗದ ಕಥೆಯ ಕೊನೇ ಭಾಗ. ಇದರಲ್ಲಿ ಪ್ರೋಥಿಯನ್‌ ಅನ್ನೋ ಜನಾಂಗ ಇದೆ. ಐವತ್ತು ಸಾವಿರ ವರ್ಷದ ಹಿಂದೆ ನಾಶ ಆದವರು. ಅವರು ಬಿಟ್ಟುಹೋದ ಕುರುಹು, ಎಚ್ಚರಿಕೆ, ಯಂತ್ರಗಳ ಸುತ್ತಲೇ ಮೂರೂ ಗೇಮು ನಡೆಯೋದು. ಆದರೆ ಜೀವಂತ ಪ್ರೋಥಿಯನ್‌ ಯಾರೂ ಹೀರೋನ ಜೊತೆಗಾರ ಆಗಿರಲಿಲ್ಲ.

ಮೂರನೇ ಭಾಗದಲ್ಲಿ ಒಬ್ಬ ಸಿಗ್ತಾನೆ. ಹೆಸರು ಜಾವಿಕ್‌. ಅಷ್ಟು ವರ್ಷ ನಿದ್ದೆಯಲ್ಲಿದ್ದವನು ಎದ್ದು ಬಂದು, ಅವತ್ತು ಏನಾಯ್ತು ಅಂತ ಬಾಯಿಬಿಟ್ಟು ಹೇಳ್ತಾನೆ. ಆದರೆ ಅವನು ಇರೋದು ಫ್ರಂ ಆಶಸ್‌ ಅನ್ನೋ ಡಿಎಲ್‌ಸಿಯಲ್ಲಿ. ಬಿಡುಗಡೆಯ ಮೊದಲ ದಿನವೇ ಹತ್ತು ಡಾಲರ್‌ಗೆ ಮಾರಾಟಕ್ಕಿತ್ತು, ಆಗಿನ ಲೆಕ್ಕದಲ್ಲಿ ಸುಮಾರು 500 ರೂಪಾಯಿ. ಹೆಚ್ಚು ಬೆಲೆಯ ಕಲೆಕ್ಟರ್ಸ್‌ ಎಡಿಷನ್‌ ಕೊಂಡವರಿಗೆ ಅದರ ಜೊತೆಗೇ ಸಿಕ್ತು. 60 ಡಾಲರ್‌ ಕೊಟ್ಟು ಮಾಮೂಲಿ ಬಾಕ್ಸ್‌ ತಗೊಂಡವರಿಗೆ ಇಲ್ಲ.

ಬಾಕ್ಸಲ್ಲಿ ಚಾರ್ಜರ್‌ ಇಲ್ಲದ ಫೋನ್‌ ಮೊದಲು ಬಂದಾಗ ಗಿರಾಕಿಗಳು ಏನಂದ್ರು ಅಂತ ಮೊಬೈಲ್‌ ಅಂಗಡಿಯವರಿಗೆ ನೆನಪಿರುತ್ತೆ. ಹೆಚ್ಚುಕಮ್ಮಿ ಅದೇ ಮಾತು ಇಲ್ಲೂ ಬಂತು. ಮೊದಲ ದಿನವೇ ರೆಡಿ ಇತ್ತು ಅಂದ್ಮೇಲೆ ಬಾಕ್ಸ್‌ ಒಳಗೆ ಯಾಕಿಲ್ಲ?

ಬೆಂಕಿಗೆ ತುಪ್ಪ ಸುರಿದ ಹಾಗೆ ಇನ್ನೊಂದು ಸಂಗತಿ ಹೊರಬಂತು. ಕಂಪ್ಯೂಟರ್‌ನಲ್ಲಿ ಆಡುವ ಕೆಲವರು ಗೇಮಿನ ಒಂದು ಫೈಲ್‌ ತೆರೆದು ಸಣ್ಣ ಬದಲಾವಣೆ ಮಾಡಿದರೆ, ಡಿಎಲ್‌ಸಿ ಕೊಳ್ಳದೇನೇ ಜಾವಿಕ್‌ ಜೊತೆಗೆ ಬಂದು ನಿಲ್ತಿದ್ದ. ಅಂದ್ರೆ ಪಾತ್ರ ಆಗಲೇ ಡಿಸ್ಕ್‌ನಲ್ಲಿತ್ತು. ಬೀಗ ಹಾಕಿ ಕೊಟ್ಟಿದ್ದರು, ಬೀಗದ ಕೈಗೆ ಬೇರೆ ರೇಟು ಅಂತ ಜನ ರೇಗಿದರು. ಅದೇ ತಿಂಗಳು ಜಪಾನಿನ ಕ್ಯಾಪ್‌ಕಾಮ್‌ ಕೂಡ ಸಿಕ್ಕಿಬಿತ್ತು. ಅವರ ಸ್ಟ್ರೀಟ್‌ ಫೈಟರ್‌ ಎಕ್ಸ್‌ ಟೆಕೆನ್‌ ಡಿಸ್ಕ್‌ನಲ್ಲಿ ಮುಂದೆ ಮಾರಲು ಇಟ್ಟುಕೊಂಡ 12 ಪಾತ್ರಗಳು ಕೂತಿದ್ದವು.

ಕಂಪನಿ ಕೊಟ್ಟ ಉತ್ತರ

ಬಯೋವೇರ್‌ ಹೇಳಿದ್ದನ್ನ ತಳ್ಳಿಹಾಕುವ ಹಾಗಿಲ್ಲ. ಗೇಮ್‌ ಸಿದ್ಧ ಆದ ತಕ್ಷಣ ಅಂಗಡಿಗೆ ಬರಲ್ಲ. ದೋಷ ತಿದ್ದಬೇಕು, ಮೈಕ್ರೋಸಾಫ್ಟ್‌, ಸೋನಿಯವರಿಗೆ ಕಳಿಸಿ ಪಾಸ್‌ ಮಾಡಿಸಬೇಕು, ಡಿಸ್ಕ್‌ ಒತ್ತಿಸಬೇಕು, ಊರೂರಿಗೆ ಸಾಗಿಸಬೇಕು. ಇದಕ್ಕೆ ಸುಮಾರು ಮೂರು ತಿಂಗಳು ಹಿಡಿಯುತ್ತೆ, ಡಿಎಲ್‌ಸಿ ಕೆಲಸ ಮಾಡೋದು ಆ ಸಮಯದಲ್ಲಿ ಅಂತ ಗೇಮಿನ ನಿರ್ದೇಶಕ ಕೇಸಿ ಹಡ್ಸನ್‌ ಆಗ ತಿಳಿಸಿದ್ದರು. ಡಿಸ್ಕ್‌ನಲ್ಲಿ ಇದ್ದದ್ದು ಪಾತ್ರದ ಚೌಕಟ್ಟು ಮಾತ್ರ, ಅವನನ್ನು ಎಬ್ಬಿಸಿ ಕರೆತರುವ ಮಿಷನ್‌ ಅದರಲ್ಲಿಲ್ಲ, ಅದು 600 ಎಂಬಿಗೂ ಮೇಲಿನ ಪ್ರತ್ಯೇಕ ಡೌನ್‌ಲೋಡ್‌ ಅಂತಲೂ ಕಂಪನಿಯವರು ವಿವರಿಸಿದರು.

ಗೇಮ್‌ ಕೆಲಸ ನಡೆಯುವ ರೀತಿ ನೋಡಿದ್ರೆ ಇದು ನಂಬುವ ಮಾತೇ. ಕಥೆ ಬರೆಯುವವರು, ಚಿತ್ರ ಮಾಡುವವರ ಕೆಲಸ ಮೊದಲು ಮುಗಿಯುತ್ತೆ. ದೋಷ ಹುಡುಕಿ ತಿದ್ದುವವರು ಕೊನೇ ದಿನದವರೆಗೂ ಒದ್ದಾಡ್ತಾರೆ. ಬೆಂಗಳೂರಿನ ಧ್ರುವ ಇಂಟರಾಕ್ಟಿವ್‌ 1997ರಲ್ಲಿ ಶುರುವಾಗಿ, ಫೋರ್ಜಾ ಥರದ ವಿದೇಶಿ ಗೇಮ್‌ಗಳಿಗೆ ಕಾರು, ಕಟ್ಟಡಗಳ ಮಾದರಿ ಮಾಡಿಕೊಟ್ಟೇ ಬೆಳೆದದ್ದು. 2019ರಲ್ಲಿ ಜಿಟಿಎ ಮಾಡುವ ರಾಕ್‌ಸ್ಟಾರ್‌ ಅದನ್ನ ಕೊಂಡಿತು. ಇಂಥ ಕಡೆ ಒಂದು ಗೇಮಿನ ಚಿತ್ರದ ಕೆಲಸ ಮುಗಿದರೆ ಆ ತಂಡ ಸುಮ್ಮನೆ ಕೂರಲ್ಲ, ಮುಂದಿನದಕ್ಕೆ ಕೈಹಾಕುತ್ತೆ. ಮದುವೆ ಮನೆಯಲ್ಲಿ ಚಪ್ಪರ ಹಾಕಿದವರು ಊಟ ಬಡಿಸೋವರೆಗೂ ಕಾಯ್ತಾ ಕೂರಲ್ವಲ್ಲ, ಹಾಗೆ.

ಹಾಗಾದ್ರೆ ಕಂಪನಿ ಹೇಳಿದ್ದೇ ಸರಿನಾ? ಇಲ್ಲೇ ಇರೋದು ವಿಷಯ. ಯಾವಾಗ ಮಾಡಿದ್ರು, ಯಾವ ತಂಡ ಮಾಡ್ತು ಅನ್ನೋದು ಕಂಪನಿಯ ಒಳಗಿನ ಲೆಕ್ಕ. ಗಿರಾಕಿ ಕೇಳ್ತಿರೋದು ಅದಲ್ಲ. ನಾನು ಕೊಂಡ ಕಥೆ ಪೂರ್ತಿ ಇದೆಯಾ ಇಲ್ವಾ ಅನ್ನೋದು ಅವನ ಪ್ರಶ್ನೆ. ಜಾವಿಕ್‌ನನ್ನು ಬೇರೆ ತಂಡವೇ ಮಾಡಿರಲಿ, ಆಮೇಲೇ ಮಾಡಿರಲಿ, ಇಡೀ ಕಥೆಯ ಬೇರಿನಲ್ಲಿರೋ ಪಾತ್ರವನ್ನ ಹತ್ತು ಡಾಲರ್‌ನ ಪೊಟ್ಟಣಕ್ಕೆ ಹಾಕೋದು ಅಂತ ಯಾರೋ ತೀರ್ಮಾನ ಮಾಡಿದ್ದಂತೂ ಹೌದು. ಅಂಗಡಿಗೆ ಒಂದು ಹೊಸ ಗನ್‌ ಇಟ್ಟಿದ್ದರೆ ಇಷ್ಟು ಜನ ತಿರುಗಿಬೀಳ್ತಿರಲಿಲ್ಲ.

ಸೆಕೆಂಡ್‌ ಹ್ಯಾಂಡ್‌ ಅಂಗಡಿಯ ಭಯ

ಕಂಪನಿಗಳು ಯಾಕೆ ಹೀಗೆ ಮಾಡಿದವು ಅನ್ನೋದು ವ್ಯಾಪಾರಸ್ಥರಿಗೆ ಬೇಗ ಅರ್ಥ ಆಗುತ್ತೆ. ಆಗ ಗೇಮ್‌ ಅಂದ್ರೆ ಡಿಸ್ಕ್‌. ಅಮೆರಿಕದಲ್ಲಿ ಗೇಮ್‌ಸ್ಟಾಪ್‌ ಅನ್ನೋ ಅಂಗಡಿ ಸರಪಳಿ ಇದೆ. ಹುಡುಗ 60 ಡಾಲರ್‌ಗೆ ಹೊಸ ಡಿಸ್ಕ್‌ ಕೊಂಡು, ವಾರದಲ್ಲಿ ಮುಗಿಸಿ, ಅದೇ ಅಂಗಡಿಗೆ ಕಡಿಮೆ ರೇಟಿಗೆ ಕೊಡ್ತಾನೆ. ಅಂಗಡಿಯವರು ಅದನ್ನೇ ಒರೆಸಿ ಮುಂದಿನವನಿಗೆ ಲಾಭ ಇಟ್ಟು ಮಾರ್ತಾರೆ. ಮತ್ತೆ ವಾಪಸ್‌ ಬರುತ್ತೆ, ಮತ್ತೆ ಮಾರ್ತಾರೆ. ಒಂದು ಡಿಸ್ಕ್‌ ನಾಲ್ಕು ಕೈ ಬದಲಾದ್ರೂ ಗೇಮ್‌ ಮಾಡಿದವರಿಗೆ ಮೊದಲ ಸಲ ಬಿಟ್ಟರೆ ಬಿಡಿಗಾಸಿಲ್ಲ. ಹಳೇ ಪಠ್ಯಪುಸ್ತಕದ ವ್ಯಾಪಾರ ಇದ್ದ ಹಾಗೆ.

ಇದನ್ನ ಮುರಿಯೋಕೆ ಇಎ 2010ರಲ್ಲಿ ಒಂದು ಉಪಾಯ ಮಾಡ್ತು. ಮಾಸ್‌ ಎಫೆಕ್ಟ್‌ 2ರ ಹೊಸ ಬಾಕ್ಸ್‌ ಒಳಗೆ ಒಂದೇ ಸಲ ಬಳಸಬಹುದಾದ ಕೋಡ್‌ ಚೀಟಿ ಇಟ್ಟರು. ಆ ಕೋಡ್‌ ಹಾಕಿದರೆ ಜಯೀದ್‌ ಅನ್ನೋ ಜೊತೆಗಾರ ಮತ್ತು ಇನ್ನಷ್ಟು ಭಾಗ ಫ್ರೀ. ಹಳೇ ಡಿಸ್ಕ್‌ ಕೊಂಡವನ ಕೈಗೆ ಸಿಗೋ ಚೀಟಿ ಆಗಲೇ ಖರ್ಚಾಗಿರುತ್ತೆ, ಅವನು 15 ಡಾಲರ್‌ ಕೊಡಬೇಕು. ಡಿಎಲ್‌ಸಿಯಿಂದ ಇನ್ನೊಂದು ಲಾಭವೂ ಇತ್ತು. ಎರಡು ತಿಂಗಳಲ್ಲಿ ಕಥೆಯ ಹೊಸ ಭಾಗ ಬರುತ್ತೆ ಅಂದ್ರೆ ಹುಡುಗ ಡಿಸ್ಕ್‌ ಮಾರದೆ ಮನೆಯಲ್ಲೇ ಇಟ್ಟುಕೊಳ್ತಾನೆ.

ಬೆಲೆಯ ಮಾತೂ ಇದೆ. ಅಮೆರಿಕದಲ್ಲಿ ದೊಡ್ಡ ಗೇಮಿನ ಬೆಲೆ 2005-06ರ ಹೊತ್ತಿಗೆ 60 ಡಾಲರ್‌ಗೆ ಬಂದಿದ್ದು 2020ರವರೆಗೂ ಅಲ್ಲೇ ನಿಂತಿತ್ತು. ಮಾಡುವ ಖರ್ಚು ಮಾತ್ರ ಏರ್ತಾನೇ ಹೋಯ್ತು. ಎಂಆರ್‌ಪಿ ಏರಿಸದೆ ಬಿಸ್ಕತ್‌ ಪೊಟ್ಟಣದ ತೂಕ ಇಳಿಸೋದನ್ನ ಕಿರಾಣಿ ಅಂಗಡಿಯವರು ದಿನಾ ನೋಡ್ತಾರೆ.

ಕ್ಲೈಮ್ಯಾಕ್ಸ್‌ಗೆ ಬೇರೆ ಟಿಕೆಟ್‌

ಜಾವಿಕ್‌ ವಿಚಾರದಲ್ಲಿ ವಾದಕ್ಕೆ ಜಾಗ ಇದೆ. ವಾದಕ್ಕೆ ಜಾಗವೇ ಇಲ್ಲದ ಉದಾಹರಣೆ ಬೇಕು ಅಂದ್ರೆ ಅದೇ 2012ರ ಅಸುರಾಸ್‌ ರಾತ್‌. ಸೈಬರ್‌ಕನೆಕ್ಟ್‌2 ಮಾಡಿದ್ದು, ಮಾರಿದ್ದು ಅದೇ ಕ್ಯಾಪ್‌ಕಾಮ್‌. ಹೆಸರುಗಳೆಲ್ಲ ನಮಗೆ ಗೊತ್ತಿರುವಂಥವೇ: ಅಸುರ, ನರಕ, ನಿರ್ವಾಣ, ಚಕ್ರವರ್ತಿನ್‌. ಮಗಳು ಮಿತ್ರಾಳನ್ನು ಕಿತ್ತುಕೊಂಡವರ ಮೇಲೆ ಅಸುರ ಅನ್ನೋ ಅಪ್ಪನ ಕೋಪವೇ ಕಥೆ. ಟಿವಿ ಸೀರಿಯಲ್‌ ಥರ ಎಪಿಸೋಡ್‌ಗಳಾಗಿ ಹೋಗುತ್ತೆ. ಡಿಸ್ಕ್‌ನಲ್ಲಿದ್ದದ್ದು 18ನೇ ಎಪಿಸೋಡ್‌ವರೆಗೆ. ಎಲ್ಲಾ ಮುಗೀತು, ಅಪ್ಪ ಮಗಳು ಒಂದಾದರು ಅನ್ನುವಷ್ಟರಲ್ಲಿ ಅಸಲಿ ಶತ್ರು ಇನ್ನೂ ಬಾಕಿ ಇದ್ದಾನೆ ಅಂತ ಗೊತ್ತಾಗುತ್ತೆ. ಅವನ ಜೊತೆಗಿನ ಯುದ್ಧ, ನಿಜವಾದ ಮುಕ್ತಾಯ, 19ರಿಂದ 22ನೇ ಎಪಿಸೋಡ್‌ನಲ್ಲಿ. ಅದು ನಿರ್ವಾಣ ಅನ್ನೋ ಹೆಸರಿನ ಡಿಎಲ್‌ಸಿ, ಬೇರೆ ದುಡ್ಡು. ಇವತ್ತಿಗೂ ಆ ಡಿಸ್ಕ್‌ ಸೆಕೆಂಡ್‌ ಹ್ಯಾಂಡಲ್ಲಿ ಕೊಂಡರೆ ಅದರೊಳಗೆ ಕಥೆಯ ಕೊನೆ ಇಲ್ಲ.

ಕೆಜಿಎಫ್‌ ಮೊದಲ ಭಾಗ 2018ರಲ್ಲಿ ಬಂತು, ಎರಡನೇದು 2022ರಲ್ಲಿ. ಅರ್ಧ ಕಥೆಗೆ ಟಿಕೆಟ್‌ ತಗೊಂಡ್ವಿ ಅಂತ ಯಾರೂ ಗಲಾಟೆ ಮಾಡಲಿಲ್ಲ. ಯಾಕಂದ್ರೆ ಚಾಪ್ಟರ್‌ 1 ಅಂತ ಪೋಸ್ಟರ್‌ ಮೇಲೇ ಬರೆದಿತ್ತು. ಅದನ್ನ ಬಿಟ್ಟು, ಟಾಕೀಸ್‌ನಲ್ಲಿ ಕ್ಲೈಮ್ಯಾಕ್ಸ್‌ ಬರೋ ಹೊತ್ತಿಗೆ ಲೈಟ್‌ ಹಾಕಿ "ಫೈಟ್‌ ನೋಡೋರು ಹೊರಗೆ ಕೌಂಟರಲ್ಲಿ ಇನ್ನೊಂದು ಟಿಕೆಟ್‌ ತಗೊಳ್ಳಿ" ಅಂದಿದ್ದರೆ ಕುರ್ಚಿ ಉಳೀತಿರಲಿಲ್ಲ.

ಫೈನಲ್‌ ಫ್ಯಾಂಟಸಿ 15ರದ್ದು ಇನ್ನೊಂದು ಥರ. 2016ರ ನವೆಂಬರ್‌ನಲ್ಲಿ ಬಂದ ಈ ಜಪಾನಿ ಗೇಮಿನಲ್ಲಿ ನಾಲ್ವರು ಗೆಳೆಯರ ಪಯಣ. ಮಧ್ಯದಲ್ಲಿ ಒಬ್ಬ ಗೆಳೆಯ, ಇಗ್ನಿಸ್‌, ಒಂದು ದೊಡ್ಡ ಕದನದ ನಂತರ ಕಣ್ಣು ಕಳೆದುಕೊಂಡಿರ್ತಾನೆ. ಹೇಗೆ ಅಂತ ಗೇಮ್‌ ತೋರಿಸಲ್ಲ. ತೋರಿಸಿದ್ದು ಒಂದು ವರ್ಷದ ಮೇಲೆ, 2017ರ ಡಿಸೆಂಬರ್‌ನ ಡಿಎಲ್‌ಸಿಯಲ್ಲಿ. ಇನ್ನೊಬ್ಬ ಗೆಳೆಯ ಮಧ್ಯೆ ಎದ್ದು ಹೋಗಿ ಮುಖದ ಮೇಲೆ ಹೊಸ ಗಾಯದ ಗುರುತು ಹೊತ್ತು ಬರ್ತಾನೆ, ಅದಕ್ಕೂ ಬೇರೆ ಡಿಎಲ್‌ಸಿ. ಇಷ್ಟು ಸಾಲದು ಅಂತ ಆಮೇಲೆ ಇನ್ನೂ ನಾಲ್ಕು ಭಾಗ ಘೋಷಿಸಿದರು. 2018ರಲ್ಲಿ ನಿರ್ದೇಶಕ ಹಾಜಿಮೆ ತಬಾತ ಕಂಪನಿ ಬಿಟ್ಟರು, ನಾಲ್ಕರಲ್ಲಿ ಮೂರು ರದ್ದಾದವು. ಕೊನೆಗೆ ಆ ಕಥೆ ಹೊರಬಂದಿದ್ದು ಕಾದಂಬರಿ ರೂಪದಲ್ಲಿ. ಗೇಮ್‌ ಕೊಂಡವನು ಪುಸ್ತಕ ಓದಿ ಮುಗಿಸಬೇಕಾಯ್ತು.

ಎಲ್ಲರನ್ನೂ ಒಂದೇ ತಕ್ಕಡಿಗೆ ಹಾಕೋದೂ ತಪ್ಪು. ಪೋಲೆಂಡ್‌ನ ಸಿಡಿ ಪ್ರಾಜೆಕ್ಟ್‌ ರೆಡ್‌ 2015ರಲ್ಲಿ ದಿ ವಿಚರ್‌ 3 ತಂದಾಗ ಚಿಕ್ಕಪುಟ್ಟ 16 ಡಿಎಲ್‌ಸಿಗಳನ್ನ ಎಲ್ಲರಿಗೂ ಫ್ರೀ ಕೊಟ್ಟಿತು. ದುಡ್ಡು ತಗೊಂಡಿದ್ದು ಎರಡಕ್ಕೆ ಮಾತ್ರ. ಅದರಲ್ಲಿ ಬ್ಲಡ್‌ ಆ್ಯಂಡ್‌ ವೈನ್‌ 2016ರ ಮೇ ತಿಂಗಳಲ್ಲಿ, ಗೇಮ್‌ ಬಂದು ಒಂದು ವರ್ಷದ ಮೇಲೆ ಬಂತು. ಹೊಸ ನಾಡು, ಹೊಸ ಜನ, ಇಪ್ಪತ್ತು ಗಂಟೆ ಆಡುವಷ್ಟು ಕಥೆ. ಮೂಲ ಗೇಮಿನ ಕಥೆ ಅದಿಲ್ಲದೇನೇ ಮುಗಿಯುತ್ತೆ. ಮೊದಲ ಊಟ ಹೊಟ್ಟೆ ತುಂಬಿಸಿದ್ದರಿಂದ ಜನ ಎರಡನೇದಕ್ಕೂ ಖುಷಿಯಿಂದ ದುಡ್ಡು ಕೊಟ್ಟರು.

ಹುಡುಗ ದುಡ್ಡು ಕೇಳಿದಾಗ

ಆದ್ದರಿಂದ ಮನೆಯಲ್ಲಿ ಮುಂದಿನ ಸಲ ಡಿಎಲ್‌ಸಿ ಮಾತು ಬಂದರೆ ಬಯ್ಯೋ ಮೊದಲು ಒಂದು ಪ್ರಶ್ನೆ ಕೇಳಬಹುದು. ಇದರ ಕಥೆ ನೀನು ಆಡಿ ಮುಗಿಸಿದ್ದರ ಆಮೇಲೆ ನಡೆಯುತ್ತಾ, ಮಧ್ಯೆ ನಡೆಯುತ್ತಾ? ಆಮೇಲೆ ಅಂದ್ರೆ ಅದು ಹೊಸ ಸಾಮಾನು, ಬೇಕಾದರೆ ಕೊಳ್ಳಬಹುದು, ಬಿಟ್ಟರೂ ನಷ್ಟವಿಲ್ಲ. ಮಧ್ಯೆ ಅಥವಾ ಕೊನೆಯದೇ ಭಾಗ ಅಂದ್ರೆ ಮೊದಲ ಬಾಕ್ಸ್‌ನಲ್ಲೇ ಇರಬೇಕಿದ್ದದ್ದು. ಇಂಥದ್ದರಲ್ಲಿ ಕಾಯೋದೇ ಲಾಭ. ಹೆಸರು ಮಾಡಿದ ದೊಡ್ಡ ಗೇಮ್‌ಗಳಿಗೆ ಎಷ್ಟೋ ಸಲ ಒಂದೆರಡು ವರ್ಷದಲ್ಲಿ ಡಿಎಲ್‌ಸಿಯೆಲ್ಲಾ ಸೇರಿಸಿದ ಕಂಪ್ಲೀಟ್‌ ಎಡಿಷನ್‌ ಬರುತ್ತೆ, ಸೇಲ್‌ ಸಮಯದಲ್ಲಿ ರೇಟೂ ಇಳಿಯುತ್ತೆ. ಕಂಪ್ಯೂಟರ್‌ಗೆ ಸ್ಟೀಮ್‌ನಲ್ಲಿ ಕೊಂಡ ಗೇಮ್‌ ಹಿಡಿಸದಿದ್ದರೆ 14 ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ದುಡ್ಡು ವಾಪಸ್‌ ಕೇಳಬಹುದು. ಸೀಸನ್‌ ಪಾಸ್‌ ಅಂತ ಇನ್ನೂ ಮಾಡಿರದ ಭಾಗಕ್ಕೆ ಮುಂಗಡ ಕಟ್ಟಿಸಿಕೊಳ್ಳೋದೂ ಇದೆ. ಚೀಟಿ ಹಾಕುವಾಗ ನೋಡುವಷ್ಟೇ ಹುಷಾರಾಗಿ ಅದನ್ನೂ ನೋಡಬೇಕು.

ಮಾಸ್‌ ಎಫೆಕ್ಟ್‌ನ ಮೂರೂ ಭಾಗ 2021ರ ಮೇ ತಿಂಗಳಲ್ಲಿ ಲೆಜೆಂಡರಿ ಎಡಿಷನ್‌ ಅನ್ನೋ ಹೆಸರಲ್ಲಿ ಒಂದೇ ಕಟ್ಟಾಗಿ ಮತ್ತೆ ಬಂದವು. ಕಥೆಯ ಡಿಎಲ್‌ಸಿಗಳು ಹೆಚ್ಚುಕಮ್ಮಿ ಎಲ್ಲವೂ ಅದರೊಳಗೇ ಇವೆ. ಈಗ ಹೊಸದಾಗಿ ಆಡೋ ಹುಡುಗನಿಗೆ ಜಾವಿಕ್‌ ಉಳಿದ ಜೊತೆಗಾರರ ಹಾಗೆಯೇ ಕಥೆಯ ದಾರಿಯಲ್ಲಿ ಸಿಗ್ತಾನೆ. ಒಂದು ಕಾಲದಲ್ಲಿ ಅವನಿಗೆ ಬೇರೆ ರೇಟ್‌ ಇತ್ತು ಅನ್ನೋದು ಯಾರಾದ್ರೂ ಹೇಳಿದರಷ್ಟೇ ಗೊತ್ತಾಗಬೇಕು.